ಹಳೆಯ ಬೈಕನ್ನು ರೇಸ್ ಟ್ರ್ಯಾಕಿಗೆ ಇಳಿಸುವುದು ಹೇಗೆ: ಬಿಚ್ಚುವುದರಿಂದ ಮೊದಲ ಓಟದವರೆಗೆ

ಹಳೆಯ ಬೈಕನ್ನು ರೇಸಿಗೆ ಸಿದ್ಧಪಡಿಸಲು ಹೊರಟವರಲ್ಲಿ ಬಹಳಷ್ಟು ಜನ ಮೊದಲು ಕೈ ಹಾಕುವುದು ಸೈಲೆನ್ಸರಿಗೆ. ಆಮೇಲೆ ಏರ್ ಫಿಲ್ಟರ್, ಆಮೇಲೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹರಿಯುವ ಜೆಟ್, ಆಮೇಲೆ ಪಿಸ್ಟನ್. ಬ್ರೇಕು, ಮುಂಚಕ್ರವನ್ನು ಹಿಡಿದಿರುವ ಫೋರ್ಕು, ಬೇರಿಂಗುಗಳ ಸರದಿ ಬರುವಷ್ಟರಲ್ಲಿ ಕೈಯಲ್ಲಿದ್ದ ದುಡ್ಡೂ ತಾಳ್ಮೆಯೂ ಕರಗಿರುತ್ತವೆ. ಈ ಕ್ರಮವನ್ನು ತಿರುವುಮುರುವು ಮಾಡಬೇಕು. ಹಳೆಯ ಬೈಕಿಗೆ ಮೊದಲ ಶತ್ರು ಅದರ ವಯಸ್ಸು. ಹತ್ತು ಸಾವಿರ ಕಿಲೋಮೀಟರ್ ಮಾತ್ರ ಓಡಿ ಇಪ್ಪತ್ತು ವರ್ಷ ಮೂಲೆಯಲ್ಲಿ ನಿಂತ ಬೈಕಿನಲ್ಲಿ ಎಂಜಿನ್ ಚೆನ್ನಾಗಿಯೇ ಇರಬಹುದು. ಆದರೆ ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮಿನ ಗ್ರೀಸ್ ಒಣಗಿ ಗಟ್ಟಿಯಾಗಿರುತ್ತದೆ, ಬ್ರೇಕ್ ಹೋಸಿನ ಒಳಗೋಡೆ ಉಬ್ಬಿರುತ್ತದೆ, ಫೋರ್ಕಿನ ಎಣ್ಣೆ ಕಾರ್ಖಾನೆಯಿಂದ ಬಂದಾಗಿನದೇ ಇರುತ್ತದೆ. ರಸ್ತೆಯಲ್ಲಿ ಇವೆಲ್ಲ ಮುಚ್ಚಿಕೊಂಡು ಹೋಗುತ್ತವೆ. ಟ್ರ್ಯಾಕಿನಲ್ಲಿ ಪ್ರತಿ ತಿರುವಿಗೂ ಪೂರ್ತಿ ಬ್ರೇಕು, ಪೂರ್ತಿ ವಾಲು, ಪೂರ್ತಿ ಥ್ರಾಟಲ್. ಅಲ್ಲಿ ಯಾವುದೂ ಮುಚ್ಚಿಹೋಗುವುದಿಲ್ಲ.

ಆದ್ದರಿಂದ ಕೆಲಸದ ಸಾಲು ಹೀಗಿರಲಿ: ನಿಯಮ, ಚೌಕಟ್ಟು, ಸಸ್ಪೆನ್ಷನ್, ಬ್ರೇಕ್, ಎಂಜಿನ್‌ನ ಆರೋಗ್ಯ, ವೈರಿಂಗ್, ಸುರಕ್ಷತೆ. ಎಂಜಿನ್‌ನ ಶಕ್ತಿ ಹೆಚ್ಚಿಸುವುದು ಎಲ್ಲಕ್ಕಿಂತ ಕೊನೆಗೆ.

ಮೊದಲು ನಿಯಮ ಪುಸ್ತಕ, ಆಮೇಲೆ ಬೈಕ್

ಯಾವ ವರ್ಗದಲ್ಲಿ ಓಡಿಸುತ್ತೀರಿ ಎಂಬುದು ತೀರ್ಮಾನವಾಗದೆ ಒಂದು ನಟ್ಟನ್ನೂ ಕೊಳ್ಳಬೇಡಿ. ಹಳೆಯ ಬೈಕುಗಳ ವರ್ಗಗಳಲ್ಲಿ ಮಾಡೆಲ್ ವರ್ಷ, ಸಿಸಿ, ಕಾರ್ಬ್ಯುರೇಟರ್ ಅಳತೆ, ಚಕ್ರದ ಅಗಲ, ಫೋರ್ಕಿನ ಬಗೆ ಹೀಗೆ ಒಂದೊಂದಕ್ಕೂ ಮಿತಿ ಇರಬಹುದು. ಆಧುನಿಕ ತಲೆಕೆಳಗಾದ ಫೋರ್ಕನ್ನು ಕಷ್ಟಪಟ್ಟು ಕೂರಿಸಿದ ಮೇಲೆ ಆ ವರ್ಗದಲ್ಲಿ ಅದಕ್ಕೆ ಅನುಮತಿಯಿಲ್ಲ ಎಂದು ತಿಳಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ತಾಂತ್ರಿಕ ತಪಾಸಣೆಯ ಪಟ್ಟಿಯನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿಕೊಳ್ಳಿ. ಕೆಲಸದುದ್ದಕ್ಕೂ ಅದು ಬೇಕಾಗುತ್ತದೆ.

ಬೈಕ್ ಆರಿಸುವಾಗ ಎರಡೇ ಪ್ರಶ್ನೆ ಮುಖ್ಯ. ಫ್ರೇಮ್ ನೆಟ್ಟಗಿದೆಯೇ? ಬಿಡಿಭಾಗ ಮತ್ತು ಕಂಪನಿಯ ಸರ್ವಿಸ್ ಮ್ಯಾನ್ಯುಯಲ್ ಸಿಗುತ್ತವೆಯೇ? 1999ರಲ್ಲಿ ಬಂದ ಸುಜುಕಿ ಎಸ್‌ವಿ650 ಇಂದಿಗೂ ಹವ್ಯಾಸಿ ರೇಸರ್‌ಗಳ ಅಚ್ಚುಮೆಚ್ಚಾಗಿರುವುದಕ್ಕೆ ಕಾರಣ ಇದೇ. ಅದರ 645 ಸಿಸಿ ವಿ-ಟ್ವಿನ್ ಎಂಜಿನ್ ಗಟ್ಟಿಮುಟ್ಟು, ಭಾಗಗಳು ಧಾರಾಳ. ದುರ್ಬಲವಾಗಿರುವುದು ಅದರ ಸಾದಾ ಫೋರ್ಕ್. ಅದನ್ನು ಸರಿಪಡಿಸುವ ದಾರಿಗಳನ್ನು ನೂರಾರು ಜನ ಈಗಾಗಲೇ ಸವೆಸಿದ್ದಾರೆ. ಅಪರೂಪದ ಬೈಕ್ ಕಣ್ಣಿಗೆ ಚೆಂದ. ಆದರೆ ಒಮ್ಮೆ ಬಿದ್ದು ಗೇರ್ ಲಿವರ್ ಮುರಿದರೆ ಇಡೀ ಸೀಸನ್ ಶೆಡ್ಡಿನಲ್ಲೇ ಕಳೆಯುತ್ತದೆ.

ಬಿಚ್ಚುವುದು ಮತ್ತು ಫ್ರೇಮ್ ಪರೀಕ್ಷೆ

ಹೆಡ್‌ಲೈಟ್, ಇಂಡಿಕೇಟರ್, ಹಾರ್ನ್, ಕನ್ನಡಿ, ಸ್ಟ್ಯಾಂಡ್‌ಗಳು, ಹಿಂಬದಿಯ ಫುಟ್‌ಪೆಗ್ ಎಲ್ಲ ಹೋಗಲಿ. ಬಿಚ್ಚುವ ಮುಂಚೆ ಪ್ರತಿ ಜೋಡಣೆಯ ಫೋಟೋ ತೆಗೆಯಿರಿ, ಮುಖ್ಯವಾಗಿ ಕೇಬಲ್‌ಗಳು ಹಾದುಹೋಗುವ ದಾರಿಯದು. ಬೋಲ್ಟ್‌ಗಳನ್ನು ಭಾಗವಾರು ಚೀಲಗಳಿಗೆ ಹಾಕಿ ಹೆಸರು ಬರೆಯಿರಿ. ಜಡಿದು ಕೂತ ಬೋಲ್ಟಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯುವುದು, ಮುರಿದ ಬೋಲ್ಟನ್ನು ಕೊರೆದು ತೆಗೆಯುವುದಕ್ಕಿಂತ ಬೇಗ ಮುಗಿಯುವ ಕೆಲಸ.

ಫ್ರೇಮ್ ಬರಿದಾದ ಮೇಲೆ ಚೆನ್ನಾಗಿ ತೊಳೆದು ವೆಲ್ಡ್‌ಗಳನ್ನು ಒಂದೊಂದಾಗಿ ನೋಡಿ. ಸ್ಟೀರಿಂಗ್ ಹೆಡ್ ಸುತ್ತ, ಸ್ವಿಂಗ್‌ಆರ್ಮ್ ಪಿವಟ್ ಬಳಿ, ಎಂಜಿನ್ ಮೌಂಟ್‌ಗಳಲ್ಲಿ ಬಣ್ಣ ಬಿರಿದಿದ್ದರೆ ಅಡಿಯಲ್ಲಿ ಲೋಹವೂ ಬಿರಿದಿರಬಹುದು. ಅನುಮಾನ ಬಂದ ಕಡೆ ಬಣ್ಣ ಕೆರೆದು ಕ್ರ್ಯಾಕ್ ಪತ್ತೆಮಾಡುವ ಡೈ ಹಚ್ಚಿ: ಕೆಂಪು ದ್ರವ ಬಿರುಕಿನೊಳಗೆ ಇಳಿಯುತ್ತದೆ, ಒರೆಸಿ ಬಿಳಿ ಡೆವಲಪರ್ ಸಿಂಪಡಿಸಿದಾಗ ಗೆರೆಯಾಗಿ ಎದ್ದು ಬರುತ್ತದೆ. ಸ್ಟೀರಿಂಗ್ ತಿರುಗಿ ನಿಲ್ಲುವ ಸ್ಟಾಪರ್ ಜಜ್ಜಿಹೋಗಿದ್ದರೆ ಆ ಬೈಕ್ ಹಿಂದೆ ಜೋರಾಗಿಯೇ ಬಿದ್ದಿದೆ ಎಂದು ತಿಳಿಯಿರಿ. ಸೊಟ್ಟಗಾದ ಫ್ರೇಮಿನ ಮೇಲೆ ಎಷ್ಟು ಒಳ್ಳೆಯ ಸಸ್ಪೆನ್ಷನ್ ಹಾಕಿದರೂ ಬೈಕ್ ಒಂದು ಕಡೆಗೆ ಮಾತ್ರ ಚೆನ್ನಾಗಿ ತಿರುಗುತ್ತದೆ.

ಎಲ್ಲ ಬೇರಿಂಗ್ ಬದಲಾಯಿಸಿ: ಸ್ಟೀರಿಂಗ್ ಹೆಡ್, ಸ್ವಿಂಗ್‌ಆರ್ಮ್, ಲಿಂಕೇಜ್, ಎರಡೂ ಚಕ್ರ. ಮುಂಚಕ್ರವನ್ನು ಎತ್ತಿ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದಾಗ ನಟ್ಟನಡುವೆ ಟಕ್ ಎಂದು ಕಚ್ಚಿಕೊಂಡರೆ ಸ್ಟೀರಿಂಗ್ ಬೇರಿಂಗಿನ ಕಪ್ಪಿನಲ್ಲಿ ಗುಳಿ ಬಿದ್ದಿದೆ. ವರ್ಷಗಟ್ಟಲೆ ನೇರ ರಸ್ತೆಯ ಪೆಟ್ಟು ಒಂದೇ ಜಾಗಕ್ಕೆ ಬಿದ್ದದ್ದರ ಫಲ ಅದು. ಹಳೆಯ ಬಾಲ್ ಬೇರಿಂಗ್ ಇದ್ದ ಕಡೆ ಟೇಪರ್ ರೋಲರ್ ಹಾಕಿದರೆ ಬಾಳಿಕೆ ಹೆಚ್ಚು.

ಸಸ್ಪೆನ್ಷನ್: ಹೆಚ್ಚು ಹೊತ್ತು ಕೂರಬೇಕಾದ ಜಾಗ

ಲ್ಯಾಪ್ ಟೈಮ್ ಹೆಚ್ಚಾಗಿ ಹುಟ್ಟುವುದು ಇಲ್ಲಿ. ಮುಂಚಕ್ರ ಏನು ಮಾಡುತ್ತಿದೆ ಎಂಬುದು ಕೈಗೆ ತಿಳಿಯದಿದ್ದರೆ ಎಷ್ಟೇ ಶಕ್ತಿಯಿದ್ದರೂ ಸವಾರ ಮೊದಲೇ ಬ್ರೇಕ್ ಹಿಡಿಯುತ್ತಾನೆ, ತಡವಾಗಿ ಥ್ರಾಟಲ್ ತೆರೆಯುತ್ತಾನೆ.

ಹಳೆಯ ಬೈಕುಗಳಲ್ಲಿ ಸಾಮಾನ್ಯವಾಗಿರುವುದು ಡ್ಯಾಂಪರ್ ರಾಡ್ ಫೋರ್ಕ್. ಇದರಲ್ಲಿ ಎಣ್ಣೆ ನಿಗದಿತ ಅಳತೆಯ ರಂಧ್ರಗಳ ಮೂಲಕ ನುಗ್ಗಬೇಕು. ರಂಧ್ರದ ಅಳತೆ ಬದಲಾಗದ ಕಾರಣ ಫೋರ್ಕ್ ಚಲಿಸುವ ವೇಗ ಇಮ್ಮಡಿಯಾದರೆ ಎಣ್ಣೆಯ ಪ್ರತಿರೋಧ ಸುಮಾರು ನಾಲ್ಕು ಪಟ್ಟಾಗುತ್ತದೆ. ಹೀಗಾಗಿ ಬ್ರೇಕ್ ಹಿಡಿದಾಗ ಮೂತಿ ಸುಲಭವಾಗಿ ಕುಸಿಯುತ್ತದೆ, ಚೂಪಾದ ಉಬ್ಬಿಗೆ ತಗುಲಿದಾಗ ಮಾತ್ರ ಫೋರ್ಕ್ ಕಬ್ಬಿಣದ ಸಲಾಕೆಯಂತೆ ಸೆಟೆದುಕೊಳ್ಳುತ್ತದೆ. ದಪ್ಪ ಎಣ್ಣೆ ಹಾಕಿ ಮೊದಲ ತೊಂದರೆ ಸರಿಪಡಿಸಿದರೆ ಎರಡನೆಯದು ಹೆಚ್ಚುತ್ತದೆ. ನಿಯಮ ಒಪ್ಪಿದರೆ ಡ್ಯಾಂಪರ್ ರಾಡ್‌ನ ಮೇಲೆ ಕೂರುವ ಎಮ್ಯುಲೇಟರ್ ವಾಲ್ವ್ ಹಾಕಿ. ಒತ್ತಡ ಹೆಚ್ಚಾದಾಗ ಅದು ಸ್ಪ್ರಿಂಗಿನ ಎದುರು ತೆರೆದುಕೊಂಡು ಎಣ್ಣೆಗೆ ದಾರಿ ಬಿಡುತ್ತದೆ. ಅದಕ್ಕಾಗಿ ರಾಡ್‌ನ ಕಂಪ್ರೆಷನ್ ರಂಧ್ರಗಳನ್ನು ದೊಡ್ಡದು ಮಾಡಬೇಕಾಗುತ್ತದೆ. ಇಲ್ಲವೇ ಹೊಸ ಸ್ಪೋರ್ಟ್ಸ್ ಬೈಕಿನ ಕಾರ್ಟ್ರಿಜ್ ಫೋರ್ಕನ್ನೇ ತರಬಹುದು. ಆಗ ಫೋರ್ಕಿನ ಕಾಲುಗಳನ್ನು ಹಿಡಿಯುವ ಟ್ರಿಪಲ್ ಕ್ಲ್ಯಾಂಪ್, ಚಕ್ರ, ಡಿಸ್ಕನ್ನು ಅದುಮುವ ಬ್ರೇಕ್ ಕ್ಯಾಲಿಪರ್ ಎಲ್ಲವೂ ಜೊತೆಗೇ ಬರಬೇಕು, ಫೋರ್ಕಿನ ಉದ್ದವನ್ನೂ ಹೊಂದಿಸಬೇಕು.

ಯಾವ ಫೋರ್ಕ್ ಆದರೂ ಸ್ಪ್ರಿಂಗ್ ಮಾತ್ರ ನಿಮ್ಮ ತೂಕಕ್ಕೆ ತಕ್ಕದ್ದಿರಬೇಕು. ಮಧ್ಯಮ ತೂಕದ ಬೈಕಿನ ಮೇಲೆ 75 ಕೆಜಿಯ ಸವಾರನಿಗೆ ಪ್ರತಿ ಫೋರ್ಕ್ ಸ್ಪ್ರಿಂಗ್ ಮಿಲಿಮೀಟರಿಗೆ 0.85ರಿಂದ 0.95 ಕೆಜಿ ಬಿಗಿಯಿರುವುದು ಒಳ್ಳೆಯ ಆರಂಭ. ಎಣ್ಣೆಯನ್ನು ಮಿಲಿಲೀಟರ್ ಲೆಕ್ಕದಲ್ಲಿ ಸುರಿದು ಬಿಡಬೇಡಿ. ಸ್ಪ್ರಿಂಗ್ ತೆಗೆದು, ಫೋರ್ಕನ್ನು ಪೂರ್ತಿ ಒತ್ತಿ, ಮೇಲಂಚಿನಿಂದ ಎಣ್ಣೆಯ ಮಟ್ಟ ಅಳೆಯಿರಿ. ಎರಡೂ ಕಾಲುಗಳಲ್ಲಿ ಮಟ್ಟ ಒಂದೇ ಇರಲಿ.

ಇನ್ನು ಸ್ಯಾಗ್, ಅಂದರೆ ಸವಾರನ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಕುಗ್ಗುತ್ತದೆ ಎಂಬ ಅಳತೆ. ಇದಕ್ಕೆ ಇಬ್ಬರು ನೆರವಿಗೆ ಬೇಕು. ಚಕ್ರವನ್ನು ನೆಲದಿಂದ ಎತ್ತಿ, ಫೋರ್ಕ್ ಪೂರ್ತಿ ಚಾಚಿದಾಗಿನ ಉದ್ದ ಬರೆದುಕೊಳ್ಳಿ. ಜಾಕೆಟ್, ಹೆಲ್ಮೆಟ್ ಸಮೇತ ಸವಾರ ರೇಸ್ ಭಂಗಿಯಲ್ಲಿ ಕೂರಲಿ. ಬೈಕನ್ನು ಕೆಳಗೆ ಒತ್ತಿ ನಿಧಾನವಾಗಿ ಬಿಟ್ಟಾಗ ಒಂದು ಅಳತೆ, ಮೇಲೆತ್ತಿ ನಿಧಾನವಾಗಿ ಬಿಟ್ಟಾಗ ಇನ್ನೊಂದು. ಈ ಎರಡರ ಸರಾಸರಿಯನ್ನು ಮೊದಲ ಉದ್ದದಿಂದ ಕಳೆದರೆ ಸ್ಯಾಗ್. ಟ್ರ್ಯಾಕಿಗೆ ಮುಂದೆ 30-35 ಮಿಲಿಮೀಟರ್, ಹಿಂದೆ 25-30 ಮಿಲಿಮೀಟರ್ ಇಟ್ಟು ಶುರುಮಾಡಿ. ಒತ್ತಿ ಬಿಟ್ಟ ಅಳತೆಗೂ ಎತ್ತಿ ಬಿಟ್ಟ ಅಳತೆಗೂ ಇರುವ ಅಂತರ ದೊಡ್ಡದಾಗಿದ್ದರೆ ಎಲ್ಲೋ ಘರ್ಷಣೆ ಹೆಚ್ಚಿದೆ: ಸೀಲ್, ಬುಷ್, ಅಥವಾ ಆಕ್ಸಲ್ ಬಿಗಿಯುವಾಗ ಸೊಟ್ಟಗೆ ಸಿಕ್ಕಿಕೊಂಡ ಫೋರ್ಕ್ ಕಾಲು.

ಹಿಂದೆ ಸವಾರನಿಲ್ಲದ ಸ್ಯಾಗನ್ನೂ ನೋಡಿ. ಅದು 5-10 ಮಿಲಿಮೀಟರ್ ಇರಬೇಕು. ಸವಾರನೊಂದಿಗೆ ಅಳತೆ ಸರಿಯಿದ್ದು, ಬೈಕ್ ಒಂದೇ ಇದ್ದಾಗ ಏನೂ ಕುಗ್ಗದಿದ್ದರೆ ಸ್ಪ್ರಿಂಗ್ ಮೆತ್ತಗಿದೆ. ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಹೊಂದಿಕೆ) ತಿರುಗಿಸಿ ತಿರುಗಿಸಿ ಅದನ್ನು ಮರೆಮಾಚಲಾಗಿದೆ ಅಷ್ಟೆ. ತುಂಬಾ ಕುಗ್ಗಿದರೆ ಸ್ಪ್ರಿಂಗ್ ಅತಿ ಬಿಗಿ. ಹಿಂದಿನ ಹಳೆಯ ಶಾಕ್ ಬಿಚ್ಚಿ ಸರ್ವಿಸ್ ಮಾಡುವಂಥದ್ದಲ್ಲದಿದ್ದರೆ ಬದಲಾಯಿಸಿಬಿಡಿ. ನನ್ನ ಲೆಕ್ಕದಲ್ಲಿ ಇಡೀ ಬೈಕಿನಲ್ಲಿ ದುಡ್ಡಿಗೆ ತಕ್ಕ ಫಲ ಕೊಡುವ ಮೊದಲ ಭಾಗ ಅದೇ.

ಫೋರ್ಕನ್ನು ಕ್ಲ್ಯಾಂಪಿನಲ್ಲಿ ಮೇಲಕ್ಕೆ ಸರಿಸಿದರೆ ಮೂತಿ ಇಳಿದು ಟ್ರೇಲ್ (ಸ್ಟೀರಿಂಗ್ ಅಕ್ಷದ ಗೆರೆ ನೆಲ ಮುಟ್ಟುವಲ್ಲಿಂದ ಟೈರ್ ನೆಲ ಮುಟ್ಟುವವರೆಗಿನ ದೂರ) ಕಡಿಮೆಯಾಗುತ್ತದೆ, ಬೈಕ್ ಚುರುಕಾಗಿ ತಿರುಗುತ್ತದೆ. ಅತಿಯಾದರೆ ವೇಗದಲ್ಲಿ ಹ್ಯಾಂಡಲ್ ಅದುರುತ್ತದೆ. ಒಂದು ಸಲಕ್ಕೆ 5 ಮಿಲಿಮೀಟರಿಗಿಂತ ಹೆಚ್ಚು ಬೇಡ. ಪೂರ್ತಿ ಒತ್ತಿದಾಗ ಟೈರ್ ರೇಡಿಯೇಟರಿಗೋ ಫೇರಿಂಗಿಗೋ (ಬೈಕಿನ ಹೊರಕವಚಕ್ಕೋ) ತಾಗುವುದಿಲ್ಲವೆಂದು ಸ್ಪ್ರಿಂಗ್ ತೆಗೆದೇ ಖಚಿತಪಡಿಸಿಕೊಳ್ಳಿ.

ಬ್ರೇಕ್

ಕ್ಯಾಲಿಪರ್ ಬಿಚ್ಚಿ ಪಿಸ್ಟನ್ ಹೊರತೆಗೆಯಿರಿ. ಬ್ರೇಕ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವುದು ಚೌಕ ಅಂಚಿನ ರಬ್ಬರ್ ಸೀಲ್. ಒತ್ತಿದಾಗ ಅದು ಬಾಗುತ್ತದೆ, ಬಿಟ್ಟಾಗ ನೆಟ್ಟಗಾಗುತ್ತದೆ. ಹಳೆಯ ಅಲ್ಯೂಮಿನಿಯಂ ಕ್ಯಾಲಿಪರ್‌ಗಳಲ್ಲಿ ಆ ಸೀಲ್ ಕೂರುವ ತೋಡಿನೊಳಗೆ ಸೀಲಿನ ಹಿಂದೆ ಬಿಳಿ ತುಕ್ಕು ಬೆಳೆದು ಸೀಲನ್ನು ಹೊರಕ್ಕೆ ತಳ್ಳುತ್ತದೆ. ಪಿಸ್ಟನ್ ಅಲ್ಲೇ ಸಿಕ್ಕಿಕೊಂಡು ಪ್ಯಾಡ್ ಸದಾ ಉಜ್ಜುತ್ತದೆ. ಹೊಸ ಸೀಲ್ ಹಾಕುವುದಕ್ಕೆ ಮುಂಚೆ ಆ ತೋಡನ್ನು ಕೆರೆದು ಹೊಳೆಯುವಂತೆ ಮಾಡದಿದ್ದರೆ ಹೊಸ ಸೀಲಿನ ಖರ್ಚು ದಂಡ.

ರಬ್ಬರ್ ಹೋಸ್‌ಗಳನ್ನು ತೆಗೆದು ಸ್ಟೀಲ್ ಹೆಣೆದ ಹೋಸ್ ಹಾಕಿ. ಡಿಸ್ಕಿನ ಮೇಲೆ ಕೊರೆದಿರುವ ಕನಿಷ್ಠ ದಪ್ಪಕ್ಕಿಂತ ಸವೆದಿದ್ದರೆ ಡಿಸ್ಕ್ ಬದಲಾಯಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿದಂತೆ ಅದರ ಕುದಿಬಿಂದು ಇಳಿಯುತ್ತದೆ: ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ತೇವ ಹಿಡಿದ ಮೇಲೆ 155. ಡಾಟ್ 5.1ಕ್ಕೆ 260 ಮತ್ತು 180. ಟ್ರ್ಯಾಕಿನಲ್ಲಿ ಆಯಿಲ್ ಕುದ್ದರೆ ಲಿವರ್ ಹ್ಯಾಂಡಲ್‌ವರೆಗೂ ಬಂದುಬಿಡುತ್ತದೆ. ಅದಕ್ಕಾಗಿಯೇ ರೇಸ್ ಬೈಕಿನಲ್ಲಿ ಆಯಿಲನ್ನು ಆಗಾಗ ಬದಲಾಯಿಸುತ್ತಾರೆ. ಡಾಟ್ 5 ಸಿಲಿಕೋನ್ ಆಧಾರಿತ, ಅದನ್ನು ಇವುಗಳ ಜೊತೆ ಬೆರೆಸಲೇಬಾರದು.

ಬೇರೆ ಬೈಕಿನ ಮಾಸ್ಟರ್ ಸಿಲಿಂಡರ್ (ಲಿವರ್ ಒತ್ತಿದಾಗ ಆಯಿಲನ್ನು ತಳ್ಳುವ ಭಾಗ) ಹಾಕುವುದಾದರೆ ಅದರ ಪಿಸ್ಟನ್ ಅಳತೆ ಗಮನಿಸಿ. ದೊಡ್ಡ ಪಿಸ್ಟನ್ ಹಾಕಿದರೆ ಲಿವರ್ ಗಟ್ಟಿಯಾಗುತ್ತದೆ, ಆದರೆ ಅಷ್ಟೇ ಬ್ರೇಕಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ. ಲಿವರ್ ಗಟ್ಟಿಯಿದ್ದ ಮಾತ್ರಕ್ಕೆ ಬ್ರೇಕ್ ಚೆನ್ನಾಗಿದೆ ಎಂದು ನಂಬಬೇಡಿ.

ಎಂಜಿನ್: ಮೊದಲು ಅಳೆಯಿರಿ

ಬಿಚ್ಚುವ ಮುನ್ನ ಲೀಕ್-ಡೌನ್ ಪರೀಕ್ಷೆ ಮಾಡಿ. ಪಿಸ್ಟನ್ ಕಂಪ್ರೆಷನ್‌ನ ತುದಿಯಲ್ಲಿರುವಾಗ ಕ್ರ್ಯಾಂಕ್ ತಿರುಗದಂತೆ ಹಿಡಿದು, ಪ್ಲಗ್ ರಂಧ್ರದಿಂದ ಗಾಳಿ ತುಂಬಿ ಎಷ್ಟು ಶೇಕಡಾ ಸೋರುತ್ತದೆ ನೋಡಬೇಕು. ಶೇ. 10ರೊಳಗಿದ್ದರೆ ಒಳ್ಳೆಯದು, ಶೇ. 20 ದಾಟಿದರೆ ತೆರೆಯಲೇಬೇಕು. ಎಲ್ಲಿ ಸೋರುತ್ತಿದೆ ಎಂಬುದನ್ನು ಕಿವಿಯೇ ಹೇಳುತ್ತದೆ. ಕಾರ್ಬ್ಯುರೇಟರಿನಲ್ಲಿ ಬುಸುಗುಟ್ಟಿದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನಲ್ಲಿ ಆದರೆ ಎಕ್ಸಾಸ್ಟ್ ವಾಲ್ವ್, ಎಣ್ಣೆ ತುಂಬುವ ಬಾಯಲ್ಲಿ ಆದರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಪರೀಕ್ಷೆ ಚೆನ್ನಾಗಿ ಬಂದರೆ ಮೊದಲ ಸೀಸನ್‌ಗೆ ಎಂಜಿನ್ ತೆರೆಯಬೇಡಿ. ವಾಲ್ವ್ ಕ್ಲಿಯರೆನ್ಸ್ ಸರಿಪಡಿಸಿ, ಕ್ಯಾಮ್ ಚೈನ್ ಮತ್ತು ಟೆನ್ಷನರ್ ನೋಡಿ, ಕ್ಲಚ್ ಸ್ಪ್ರಿಂಗ್ ಹೊಸದು ಹಾಕಿ, ಓಡಿಸಿ.

ತೆರೆಯಲೇಬೇಕಾದರೆ ಪ್ರತಿಯೊಂದನ್ನೂ ಅಳೆದು ಬರೆದಿಡಿ. ಹೊಸ ಪಿಸ್ಟನ್ ಕೈಗೆ ಬಂದ ಮೇಲಷ್ಟೇ ಸಿಲಿಂಡರನ್ನು ಬೋರ್ ಮಾಡಿಸಿ, ಏಕೆಂದರೆ ಅಂತರ ಕೂಡಬೇಕಾದದ್ದು ಆ ಪಿಸ್ಟನ್ನಿಗೆ. ರಿಂಗನ್ನು ಸಿಲಿಂಡರಿನೊಳಗೆ ಓರೆಯಾಗದಂತೆ ತಳ್ಳಿ ತುದಿಗಳ ಅಂತರವನ್ನು ಫೀಲರ್ ಗೇಜಿನಿಂದ ನೋಡಿ. ಕಡಿಮೆಯಿದ್ದರೆ ಬಿಸಿಗೆ ಹಿಗ್ಗಿ ತುದಿಗಳು ಡಿಕ್ಕಿಯಾಗಿ ರಿಂಗ್ ಮುರಿಯುತ್ತದೆ. ಒಮ್ಮೆ ಮಾತ್ರ ಬಳಸುವ ಹಿಗ್ಗುವ ಬೋಲ್ಟ್‌ಗಳನ್ನು ಮತ್ತೆ ಹಾಕಬೇಡಿ, ಅದರಲ್ಲೂ ಕನೆಕ್ಟಿಂಗ್ ರಾಡಿನವನ್ನು.

ಕಂಪ್ರೆಷನ್ ಹೆಚ್ಚಿಸಲು ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ) ಸವೆಸುವುದು ಹಳೆಯ ಉಪಾಯ. ಅದರ ಜೊತೆ ಬರುವ ಎರಡು ಪರಿಣಾಮಗಳನ್ನು ಹಲವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಾಲ್ವ್ ತೆರೆಯುವ ಕ್ಯಾಮ್ ಹೆಡ್ಡಿನಲ್ಲಿದ್ದು ಚೈನಿನಿಂದ ತಿರುಗುವ ಎಂಜಿನ್‌ನಲ್ಲಿ ಹೆಡ್ ಕೆಳಗಿಳಿದಾಗ ಕ್ಯಾಮ್ ಟೈಮಿಂಗ್ ಹಿಂದೆ ಬೀಳುತ್ತದೆ. ಉದ್ದ ರಂಧ್ರದ ಕ್ಯಾಮ್ ಸ್ಪ್ರಾಕೆಟ್, ಡಿಗ್ರಿ ವೀಲ್, ಡಯಲ್ ಗೇಜ್ ಬಳಸಿ ಅದನ್ನು ಮತ್ತೆ ಕೂರಿಸಬೇಕು. ಜೊತೆಗೆ ವಾಲ್ವ್ ಪಿಸ್ಟನ್ನಿಗೆ ಹತ್ತಿರವಾಗುತ್ತದೆ. ಪಿಸ್ಟನ್ ಮೇಲೆ ಎಣ್ಣೆ ಸವರಿದ ಮೇಣದ ಜೇಡಿ ಇಟ್ಟು, ಹೆಡ್ ಬಿಗಿದು, ಕೈಯಲ್ಲೇ ಕ್ರ್ಯಾಂಕನ್ನು ಪೂರ್ತಿ ಎರಡು ಸುತ್ತು ತಿರುಗಿಸಿ. ಬಿಚ್ಚಿ, ಅಚ್ಚು ಮೂಡಿದ ಜಾಗವನ್ನು ಬ್ಲೇಡಿನಿಂದ ಕೊಯ್ದು ದಪ್ಪ ಅಳೆಯಿರಿ. ಇನ್‌ಲೆಟ್ ಕಡೆ ಕನಿಷ್ಠ 1 ಮಿಲಿಮೀಟರ್, ಎಕ್ಸಾಸ್ಟ್ ಕಡೆ 1.5 ಮಿಲಿಮೀಟರ್ ಉಳಿಯಬೇಕು. ತಿರುಗಿಸುವಾಗ ಎಲ್ಲಾದರೂ ತಡೆದರೆ ಬಲ ಹಾಕದೆ ನಿಲ್ಲಿಸಿ.

ಇಂಧನ ಮತ್ತು ವೈರಿಂಗ್

ಜೆಟ್ ಬದಲಾಯಿಸುವ ಮುಂಚೆ ಕಾರ್ಬ್ಯುರೇಟರ್ ಮತ್ತು ಹೆಡ್ ನಡುವಿನ ರಬ್ಬರ್ ಬಿರಿದಿಲ್ಲವೆಂದು, ಫ್ಲೋಟ್ ಎತ್ತರ ಸರಿಯಿದೆಯೆಂದು ಖಾತ್ರಿ ಮಾಡಿಕೊಳ್ಳಿ. ಗಾಳಿ ಸೋರುವ ಎಂಜಿನ್‌ಗೆ ಜೆಟ್ ಹುಡುಕುವುದು ಕೊನೆಯಿಲ್ಲದ ಕೆಲಸ. ಥ್ರಾಟಲ್ ಕಾಲು ಭಾಗದವರೆಗೆ ಪೈಲಟ್ ಜೆಟ್, ಅಲ್ಲಿಂದ ಮುಕ್ಕಾಲಿನವರೆಗೆ ನೀಡಲ್, ಅದರ ಮೇಲೆ ಮೇನ್ ಜೆಟ್ ಪ್ರಧಾನ. ಹಿಡಿಕೆಯ ಮೇಲೆ ಟೇಪ್ ಅಂಟಿಸಿ ಗುರುತು ಹಾಕಿಕೊಂಡರೆ ತೊಂದರೆ ಯಾವ ಭಾಗದಲ್ಲಿದೆ ಎಂದು ಗೊತ್ತಾಗುತ್ತದೆ. ಯಾವಾಗಲೂ ಪೆಟ್ರೋಲ್ ಹೆಚ್ಚಿರುವ ಕಡೆಯಿಂದ ಕಡಿಮೆಯ ಕಡೆಗೆ ಬನ್ನಿ. ಡೈನೋ (ಎಂಜಿನ್‌ನ ಶಕ್ತಿ ಅಳೆಯುವ ಯಂತ್ರ) ಸಿಕ್ಕರೆ ಪೂರ್ತಿ ಥ್ರಾಟಲಿನಲ್ಲಿ ಗಾಳಿ-ಪೆಟ್ರೋಲ್ ಅನುಪಾತ 13ರ ಆಸುಪಾಸಿನಲ್ಲಿರಲಿ.

ಹಳೆಯ ವೈರಿಂಗನ್ನು ತೇಪೆ ಹಾಕುವುದಕ್ಕಿಂತ ಹೊಸದಾಗಿ ಕಟ್ಟುವುದೇ ಸುಲಭ. ರೇಸ್ ಬೈಕಿಗೆ ಬೇಕಾದದ್ದು ಇಗ್ನಿಷನ್, ಸ್ಟಾರ್ಟರ್, ಚಾರ್ಜಿಂಗ್, ಕಿಲ್ ಸ್ವಿಚ್, ಒಂದು ಫ್ಯೂಸ್. ಜೊತೆಗೆ ಆರ್‌ಪಿಎಂ ಮೀಟರ್, ಆಯಿಲ್ ಪ್ರೆಷರ್ ದೀಪ, ನೀರಿನಿಂದ ತಣಿಯುವ ಎಂಜಿನ್ ಆದರೆ ತಾಪಮಾನದ ಮೀಟರ್.

ತಪಾಸಣೆಗೆ ಸಿದ್ಧತೆ

ಟ್ರ್ಯಾಕಿನ ಮೇಲೆ ಎಣ್ಣೆ ಚೆಲ್ಲಿದರೆ ಹಿಂದೆ ಬರುವವರೆಲ್ಲ ಬೀಳುತ್ತಾರೆ. ತಪಾಸಣೆಯ ಅರ್ಧದಷ್ಟು ನಿಯಮಗಳು ಈ ಒಂದೇ ಕಾರಣಕ್ಕೆ ಇವೆ. ಅವನ್ನು ಕಿರಿಕಿರಿ ಎಂದು ಭಾವಿಸದೆ ಮನಸ್ಸಿಟ್ಟು ಮಾಡಿ.

ಎಣ್ಣೆ ಇಳಿಸುವ ಬೋಲ್ಟ್, ತುಂಬುವ ಮುಚ್ಚಳ, ಫಿಲ್ಟರ್, ಎಣ್ಣೆ ಹಾದುಹೋಗುವ ಎಲ್ಲ ಪ್ಲಗ್‌ಗಳಿಗೆ ಲಾಕ್‌ವೈರ್, ಅಂದರೆ ಸಡಿಲಾಗದಂತೆ ಕಟ್ಟುವ ತಂತಿ, ಬೇಕು. ಕ್ಯಾಲಿಪರ್ ಬೋಲ್ಟ್‌ಗಳಿಗೂ ಹಾಕುವುದು ಒಳ್ಳೆಯ ರೂಢಿ. ಬೋಲ್ಟಿನ ತಲೆಗೆ 1.5 ಮಿಲಿಮೀಟರ್ ಡ್ರಿಲ್‌ನಿಂದ ರಂಧ್ರ ಕೊರೆಯಿರಿ. ಡ್ರಿಲ್ ಪ್ರೆಸ್, ಕತ್ತರಿಸುವ ಎಣ್ಣೆ, ಹಗುರ ಕೈ ಇದ್ದರೆ ಬಿಟ್ ಮುರಿಯುವುದು ಕಡಿಮೆ. 0.8 ಮಿಲಿಮೀಟರಿನ ಸ್ಟೇನ್‌ಲೆಸ್ ತಂತಿಯನ್ನು ಪೋಣಿಸಿ ಹುರಿಮಾಡಿ ಕಟ್ಟಿ. ತಂತಿ ಬೋಲ್ಟನ್ನು ಬಿಗಿಯಾಗುವ ದಿಕ್ಕಿಗೇ ಎಳೆಯುತ್ತಿರಬೇಕು. ತಪ್ಪು ಕಡೆಯಿಂದ ಕಟ್ಟಿದ ತಂತಿ ಅಲಂಕಾರಕ್ಕೆ ಮಾತ್ರ. ಫಿಲ್ಟರಿಗೆ ಹೋಸ್ ಕ್ಲಿಪ್ ಬಿಗಿದು ಅದಕ್ಕೆ ತಂತಿ ಕಟ್ಟುತ್ತಾರೆ.

ಎಂಜಿನ್‌ನ ಬ್ರೀದರ್ ಪೈಪ್ ಕ್ಯಾಚ್ ಟ್ಯಾಂಕಿಗೆ (ಹೊರಬಂದ ಎಣ್ಣೆ ಹಿಡಿಯುವ ಡಬ್ಬಿಗೆ) ಹೋಗಲಿ. ಕೆಳಗಿನ ಫೇರಿಂಗ್ ಎಂಜಿನ್ ಒಡೆದಾಗ ಒಟ್ಟು ಎಣ್ಣೆ ಮತ್ತು ಕೂಲಂಟ್‌ನಲ್ಲಿ ಕನಿಷ್ಠ ಅರ್ಧವನ್ನು ಹಿಡಿದಿಡಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ರೇಡಿಯೇಟರಿನಲ್ಲಿ ಗ್ಲೈಕಾಲ್ (ಸಾಮಾನ್ಯ ಕೂಲಂಟಿನಲ್ಲಿರುವ ದ್ರವ) ಇರಬಾರದು, ಅದು ಚೆಲ್ಲಿದರೆ ಒಣಗದೆ ಜಾರುತ್ತಲೇ ಇರುತ್ತದೆ. ಬರೀ ನೀರು ಹಾಕಿ. ಹಿಂದಿನ ಸ್ಪ್ರಾಕೆಟ್ ಮತ್ತು ಚೈನ್ ಸೇರುವ ಕೆಳಭಾಗಕ್ಕೆ ಬೆರಳು ಸಿಗದಂತೆ ರೆಕ್ಕೆಯಾಕಾರದ ಗಾರ್ಡ್, ಬ್ರೇಕ್ ಲಿವರಿಗೆ ಗಾರ್ಡ್, ಕೈಬಿಟ್ಟ ಕೂಡಲೇ ತಾನಾಗಿ ಮುಚ್ಚುವ ಥ್ರಾಟಲ್ ಇರಬೇಕು. ಹ್ಯಾಂಡಲ್ ಪೂರ್ತಿ ತಿರುಗಿದಾಗ ಟ್ಯಾಂಕಿಗೂ ಲಿವರಿಗೂ ನಡುವೆ 30 ಮಿಲಿಮೀಟರ್ ಜಾಗವಿರಲಿ, ಇಲ್ಲವಾದರೆ ಬಿದ್ದಾಗ ಬೆರಳುಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ.

ಗೇರಿಂಗ್, ಟೈರ್, ಮೊದಲ ದಿನ

ಅತಿ ಉದ್ದದ ನೇರ ದಾರಿಯ ಕೊನೆಯಲ್ಲಿ ಮೇಲಿನ ಗೇರಿನಲ್ಲಿ ಎಂಜಿನ್ ಆರ್‌ಪಿಎಂ ಮೀಟರಿನ ಕೆಂಪು ಗೆರೆಯ ಹತ್ತಿರ ಬರುವಂತೆ ಸ್ಪ್ರಾಕೆಟ್ ಆರಿಸಿ. ಮುಂದೆ ಒಂದು ಹಲ್ಲು ಕಡಿಮೆ ಮಾಡಿದರೆ ಹಿಂದೆ ಮೂರು ಹಲ್ಲು ಹೆಚ್ಚಿಸಿದಷ್ಟೇ: 14/45 ಅನುಪಾತ 3.21, 15/48 ಅನುಪಾತ 3.20. ಚೈನಿನ ಸಡಿಲವನ್ನು ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಸಾಲಿಗೆ ಬಂದಾಗ ನೋಡಬೇಕು. ಚೈನ್ ಅತಿ ಬಿಗಿಯಾಗುವುದು ಆಗಲೇ.

ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ. ಅಂಚು ಹೊಸದಾಗಿ ಕಂಡರೂ ಹಳೆಯ ಟೈರ್ ಬೇಡ. 18 ಇಂಚಿನ ಚಕ್ರದ ಹಳೆಯ ಬೈಕುಗಳಿಗೆ ರೇಸ್ ಟೈರಿನ ಆಯ್ಕೆ ಕಡಿಮೆ, 17 ಇಂಚಿಗೆ ಬದಲಾಯಿಸಲು ನಿಯಮ ಬಿಟ್ಟರೆ ಬದಲಾಯಿಸಿ. ಗಾಳಿಯ ಒತ್ತಡಕ್ಕೆ ಟೈರ್ ಕಂಪನಿಯ ಟ್ರ್ಯಾಕ್ ಅಂಕಿಯನ್ನೇ ಅನುಸರಿಸಿ, ಅದು ತಣ್ಣಗಿನದೋ ಬಿಸಿಯದೋ ಎಂದು ಓದಿಕೊಳ್ಳಿ.

ಮೊದಲ ದಿನ ವೇಗಕ್ಕಾಗಿ ಹೋಗಬೇಡಿ. ಫೋರ್ಕಿಗೆ ಒಂದು ಜಿಪ್ ಟೈ ಕಟ್ಟಿ, ಎಷ್ಟು ದೂರ ಕುಗ್ಗುತ್ತಿದೆ ಎಂದು ಅದು ತೋರಿಸುತ್ತದೆ. ಕೆಲವು ಸುತ್ತು ಸುತ್ತಿ ಒಳಗೆ ಬಂದು ಆಕ್ಸಲ್, ಕ್ಯಾಲಿಪರ್, ಎಂಜಿನ್ ಮೌಂಟ್, ಹ್ಯಾಂಡಲ್ ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೆ ನೋಡಿ. ಬಿಗಿದ ಬೋಲ್ಟಿಗೆ ಬಣ್ಣದ ಗೆರೆ ಎಳೆದಿದ್ದರೆ ಸಡಿಲಾದದ್ದು ಕಣ್ಣಿಗೇ ಕಾಣುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪುಸ್ತಕದಲ್ಲಿ ಬರೆಯಿರಿ, ಎರಡು ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ.

ದಿನ ಮುಗಿದ ಮೇಲೆ ಎಣ್ಣೆ ಬಿಸಿಯಿರುವಾಗಲೇ ಇಳಿಸಿ, ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದವನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ಡ್ರೇನ್ ಬೋಲ್ಟಿನ ಅಯಸ್ಕಾಂತಕ್ಕೆ ಸಣ್ಣಗೆ ಬೂದು ಪೇಸ್ಟ್ ಅಂಟಿರುವುದು ಸಹಜ, ಗೇರ್‌ಗಳು ಸವೆಯುತ್ತಲೇ ಇರುತ್ತವೆ. ಅಯಸ್ಕಾಂತಕ್ಕೆ ಅಂಟದ ಹೊಳೆಯುವ ಚೂರುಗಳು ಅಥವಾ ತಾಮ್ರದ ಬಣ್ಣದ ಹಕ್ಕಳೆಗಳು ಕಂಡರೆ ಪಿಸ್ಟನ್ನೋ ಬೇರಿಂಗೋ ಸವೆಯುತ್ತಿದೆ. ಮುಂದಿನ ರೇಸಿಗೆ ಹೆಸರು ಕೊಟ್ಟಿದ್ದರೂ ಆ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡದೆ ಫ್ರೇಮಿನಿಂದ ಕೆಳಗಿಳಿಸಿ.